ಹಳೇ ಊರಿನ ಗೋಡೆಗಳ ಮೇಲೆ ರಾತ್ರಿ ಬೆಳಕಿನ ಚಿತ್ರ: ಏನು ತೋರಿಸಬೇಕು, ಎಷ್ಟು ತೋರಿಸಬೇಕು?

ಹಳೆಗೋಡೆ
ಎಲ್ಲರಿಗೂ ನಮಸ್ಕಾರ. ಒಂದು ಐತಿಹಾಸಿಕ ಊರಿನಲ್ಲಿ ರಾತ್ರಿ ಹೊತ್ತು ಕಟ್ಟಡಗಳ ಮೇಲೆ ಪ್ರೊಜೆಕ್ಟರಿನಿಂದ ಚಿತ್ರ ಬಿಡುವ ಯೋಜನೆ ಬರೆಯುವ ತಂಡದಲ್ಲಿದ್ದೇನೆ. ಇನ್ನೂ ಏನೂ ಖಾತ್ರಿಯಾಗಿಲ್ಲ, ಹಾಗಾಗಿ ಊರಿನ ಹೆಸರು ಬೇಡ. ಇರುವುದು ಇಷ್ಟು: ಕಪ್ಪು ಕಲ್ಲಿನ ಒಂದು ಕೋಟೆ ಬಾಗಿಲು, ಅದರ ಒಳಗೆ ಸಣ್ಣ ಚೌಕ, ಸುಣ್ಣ ಬಳಿದ ಮನೆಗಳ ಒಂದು ಸಾಲು, ತುದಿಯಲ್ಲಿ ಗೋಪುರ. ಹಗಲು ನೋಡಲು ಬಂದವರು ಕತ್ತಲಾಗುವ ಮುಂಚೆ ಹೊರಟುಬಿಡುತ್ತಾರೆ.

ತಂಡದಲ್ಲಿ ಎರಡು ಗುಂಪಾಗಿದೆ. ಒಂದು ಗುಂಪಿಗೆ ಗೋಡೆ ಒಡೆದು ಬೀಳಬೇಕು, ಗೋಪುರ ಗಿರಗಿರ ತಿರುಗಬೇಕು, ಬೆಂಕಿ ಹತ್ತಿ ಉರಿಯಬೇಕು. ಇನ್ನೊಂದು ಗುಂಪು, ಅಂದರೆ ನಾನು ಮತ್ತು ಇಬ್ಬರು, ಆ ಗೋಡೆಯದೇ ಕಥೆ ಹೇಳೋಣ ಅನ್ನುತ್ತಿದ್ದೇವೆ. ಇದರ ಜೊತೆಗೆ ಕೇಳಬೇಕಾದ್ದು ಮೂರು. ಎಷ್ಟು ಶಕ್ತಿಯ ಪ್ರೊಜೆಕ್ಟರ್ ಬೇಕು? ಹಳೇ ಕಲ್ಲಿಗೆ ಬೆಳಕಿನಿಂದ ತೊಂದರೆ ಇದೆಯಾ? ಒಂದೇ ಕಡೆ ದೊಡ್ಡದಾಗಿ ಮಾಡಬೇಕಾ, ಊರು ತುಂಬ ಸಣ್ಣ ಸಣ್ಣದಾಗಿ ಮಾಡಬೇಕಾ? ಮಾಡಿ ಅನುಭವ ಇದ್ದವರು ದಯವಿಟ್ಟು ಹೇಳಿ.

ಮೂಲೆದೀಪ
ಮೊದಲು ಬೀದಿದೀಪ ಆರಿಸಿ. ಆಮೇಲೆ ಪ್ರೊಜೆಕ್ಟರ್ ಮಾತು.

ಲಕ್ಸ್‌ಲೆಕ್ಕ
ಮೂಲೆದೀಪ ಹೇಳಿದ್ದು ಒಂದೇ ಸಾಲು, ಆದರೆ ವಿಷಯ ಅಲ್ಲೇ ಇದೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಗೋಡೆ 20 ಮೀಟರ್ ಅಗಲ, 15 ಮೀಟರ್ ಎತ್ತರ ಅಂದುಕೊಳ್ಳಿ. ಪ್ರೊಜೆಕ್ಟರಿನ ಚೌಕಟ್ಟು 16:10. ಎತ್ತರ 15 ಮುಟ್ಟಬೇಕಾದರೆ ಅಗಲ 24 ಆಗುತ್ತದೆ, ಅಂದರೆ 360 ಚದರ ಮೀಟರ್. ಲ್ಯೂಮೆನ್ ಅಂದರೆ ಯಂತ್ರ ಹೊರಬಿಡುವ ಒಟ್ಟು ಬೆಳಕು, ಲಕ್ಸ್ ಅಂದರೆ ಒಂದು ಚದರ ಮೀಟರಿಗೆ ಬೀಳುವ ಬೆಳಕು. 20,000 ಲ್ಯೂಮೆನ್ ಯಂತ್ರ ಇಟ್ಟರೆ 20,000 ಭಾಗಿಸು 360, ಸುಮಾರು 55 ಲಕ್ಸ್ ಗೋಡೆಗೆ ಬೀಳುತ್ತದೆ. ಎರಡು ಯಂತ್ರ ಒಂದೇ ಚಿತ್ರದ ಮೇಲೆ ಕೂಡಿಸಿದರೆ 110. ಗೋಡೆಯ ಆಚೆ ಬೀಳುವ ಬೆಳಕನ್ನು ಕಪ್ಪು ಮಾಡಿ ಬಿಡಬೇಕು, ಅದು ಪೂರ್ತಿ ನಷ್ಟ.

ಈಗ ಬೀದಿದೀಪ. ಅದರ ಬೆಳಕು ಅದೇ ಗೋಡೆಗೆ 10 ಲಕ್ಸ್ ಬಿದ್ದರೂ ಸಾಕು, ನಿಮ್ಮ ಚಿತ್ರದ ಕತ್ತಲೆ ಭಾಗವೆಲ್ಲ ಬೂದು. ಪ್ರೊಜೆಕ್ಟರಿಗೆ ಕಪ್ಪು ಬಣ್ಣ ಬಿಡಲು ಬರುವುದಿಲ್ಲ. ಗೋಡೆ ತಾನಾಗಿ ಎಷ್ಟು ಕತ್ತಲಾಗಿದೆಯೋ ಅದೇ ನಿಮ್ಮ ಕಪ್ಪು. ಹುಣ್ಣಿಮೆಯ ಬೆಳಕು ಹೆಚ್ಚೆಂದರೆ ಕಾಲು ಲಕ್ಸ್ ಸುತ್ತಮುತ್ತ, ಅದರ ಚಿಂತೆ ಬೇಡ. ಬೀದಿಯ ಮೂಲೆಯ ಒಂದು ಎಲ್‌ಇಡಿ ದೀಪದ್ದೇ ಚಿಂತೆ.

ಇನ್ನೊಂದು. ಕಪ್ಪು ಕಲ್ಲು ಬಿದ್ದ ಬೆಳಕಿನ ಹೆಚ್ಚಿನ ಪಾಲು ನುಂಗಿಬಿಡುತ್ತದೆ. ಸುಣ್ಣದ ಗೋಡೆ ಹೆಚ್ಚಿನ ಪಾಲು ವಾಪಸ್ ಕೊಡುತ್ತದೆ. ಒಂದೇ ಯಂತ್ರ ಕೋಟೆ ಬಾಗಿಲ ಮೇಲೆ ಮಂಕು, ಮನೆಸಾಲಿನ ಮೇಲೆ ಝಗಮಗ. ನಾನಾಗಿದ್ದರೆ ಸುಣ್ಣದ ಮನೆಗಳಿಂದ ಶುರು ಮಾಡುತ್ತಿದ್ದೆ.

ಕೇಬಲ್‌ಸುರುಳಿ
ಲೆಕ್ಕ ಸರಿ ಸರ್, ಆದರೆ ಪುಸ್ತಿಕೆಯಲ್ಲಿ ಬರೆದ ಲ್ಯೂಮೆನ್ ಪೂರ್ತಿ ಸಿಗುವುದಿಲ್ಲ. ಲೆನ್ಸಿನಲ್ಲಿ ಒಂದಿಷ್ಟು ಹೋಗುತ್ತದೆ, ಬಣ್ಣ ಸರಿಮಾಡುವಾಗ ಇನ್ನಷ್ಟು. ಲೇಸರ್ ಯಂತ್ರಕ್ಕೆ 20,000 ಗಂಟೆ ಆಯಸ್ಸು ಅಂತ ಬರೆದಿರುತ್ತಾರಲ್ಲ, ಅದು ಸಾಮಾನ್ಯವಾಗಿ ಬೆಳಕು ಅರ್ಧಕ್ಕೆ ಇಳಿಯುವ ಹೊತ್ತು. ಬಾಡಿಗೆ ಯಂತ್ರ ಎಷ್ಟು ಗಂಟೆ ಓಡಿದೆ ಅಂತ ಮೀಟರ್ ನೋಡಿಯೇ ತೆಗೆದುಕೊಳ್ಳಿ.

ದೂರವೂ ಮುಖ್ಯ. ಲೆನ್ಸಿನ ಅನುಪಾತ, ಅಂದರೆ ದೂರ ಭಾಗಿಸು ಚಿತ್ರದ ಅಗಲ, 1.5 ಇದ್ದರೆ 24 ಮೀಟರ್ ಅಗಲದ ಚಿತ್ರಕ್ಕೆ 36 ಮೀಟರ್ ಹಿಂದೆ ಹೋಗಬೇಕು. ನಿಮ್ಮದು ಸಣ್ಣ ಚೌಕ ಅಂದಿರಿ. ಅಳೆದಿದ್ದೀರಾ?

ಹಳೆಗೋಡೆ
ಅಳೆದಿಲ್ಲ. ಕಣ್ಣಂದಾಜಿಗೆ 25 ಮೀಟರ್ ಇರಬಹುದು.

ಕೇಬಲ್‌ಸುರುಳಿ
ಹಾಗಾದರೆ ಹತ್ತಿರದಿಂದ ಬಿಡುವ ಲೆನ್ಸ್ ಬೇಕು, ಇಲ್ಲ ಎರಡು ಯಂತ್ರ ಅಕ್ಕಪಕ್ಕ ಇಟ್ಟು ನಡುವೆ ಚಿತ್ರ ಬೆಸೆಯಬೇಕು. ಬೆಸೆಯುವ ಕಡೆ ಶೇ. 10ರಿಂದ 20ರಷ್ಟು ಒಂದರ ಮೇಲೊಂದು ಬರಬೇಕು. ಜನ ಎಲ್ಲಿ ನಿಲ್ಲುತ್ತಾರೆ ಅನ್ನುವುದನ್ನೂ ಈಗಲೇ ಬರೆದಿಡಿ. ಯಂತ್ರದ ಮುಂದೆ ಜನ ನಿಂತರೆ ಗೋಡೆ ತುಂಬ ತಲೆಗಳ ನೆರಳು.

ಕಲ್ಲುಸಂದು
ಕಲ್ಲಿನ ಪ್ರಶ್ನೆಗೆ ಬರುತ್ತೇನೆ, ನಾನು ದುರಸ್ತಿ ಕೆಲಸದವಳು. ಬರಿ ಕಲ್ಲಿಗೆ ದಿನಕ್ಕೆ ಒಂದು ಗಂಟೆ ಪ್ರೊಜೆಕ್ಟರ್ ಬೆಳಕು ಏನೂ ಮಾಡುವುದಿಲ್ಲ. ಹಗಲಿನ ಬಿಸಿಲಿನಲ್ಲಿ ಅದೇ ಕಲ್ಲಿಗೆ ಲಕ್ಷ ಲಕ್ಸ್‌ವರೆಗೂ ಬೀಳುತ್ತಿರುತ್ತದೆ. ತೊಂದರೆ ಇರುವುದು ಒಳಗೆ, ಬಣ್ಣದ ಚಿತ್ರ ಇರುವ ಕಡೆ. ಬಟ್ಟೆ, ಕಾಗದ, ಸೂಕ್ಷ್ಮ ಬಣ್ಣಗಳಿಗೆ ಸಂಗ್ರಹಾಲಯಗಳು 50 ಲಕ್ಸ್ ಮಿತಿ ಇಟ್ಟುಕೊಳ್ಳುತ್ತವೆ. ಬಣ್ಣ ಮಾಸುವುದು ಒಟ್ಟು ಬೆಳಕಿನ ಲೆಕ್ಕದಲ್ಲಿ. ಮಾಸಿದ್ದು ಮತ್ತೆ ಬರುವುದಿಲ್ಲ.

ನಿಜವಾದ ಹಾನಿ ಬೆಳಕಿನಿಂದಲ್ಲ, ಬೆಳಕು ಕಟ್ಟುವವರಿಂದ. ಕೇಬಲ್ ಬಿಗಿಯಲು ಕಲ್ಲಿಗೆ ಡ್ರಿಲ್ ಹಾಕುತ್ತಾರೆ. ಸ್ಪೀಕರ್ ತಂದು ನಕ್ಷೆ ಕೆತ್ತಿದ ಕಂಬಕ್ಕೆ ಆನಿಸುತ್ತಾರೆ. ಒಂದು ಕಡೆ ನಾನೇ ನೋಡಿದ್ದು, ಶೋ ಮುಗಿದ ಮಾರನೇ ದಿನ ಬಾಗಿಲುವಾಡದಲ್ಲಿ ಹನ್ನೊಂದು ತೂತು. ಯಾರನ್ನು ಕೇಳಿದರೂ "ನಮ್ಮವರಲ್ಲ" ಅಂದರು. ಕಟ್ಟಡಕ್ಕೆ ಏನೂ ತಾಗದಂತೆ ದೂರದಿಂದಲೇ ಬೆಳಕು ಬಿಡಬಹುದು ಅನ್ನುವುದೇ ಪ್ರೊಜೆಕ್ಷನ್ನಿನ ದೊಡ್ಡ ಗುಣ. ಅದನ್ನು ಕಳೆದುಕೊಳ್ಳಬೇಡಿ. ಮೊಳೆ ಹೊಡೆಯಲೇಬೇಕು ಅಂತ ಬಂದರೆ ಕಲ್ಲಿಗಲ್ಲ, ಸಂದಿನ ಗಾರೆಗೆ. ಗಾರೆ ಮತ್ತೆ ತುಂಬಬಹುದು.

ಜಾತ್ರೆಬೆಳಕು
ಎಲ್ಲರೂ ಎಚ್ಚರಿಕೆ ಹೇಳುತ್ತಿದ್ದೀರಿ. ಜನ ಬರಬೇಕಲ್ವಾ? ಗೋಡೆ ಒಡೆಯುವ ಶೋ ನೋಡಿ ಮಕ್ಕಳು ಕಿರುಚುತ್ತಾರೆ, ಕುಣಿಯುತ್ತಾರೆ. ಆ ಖುಷಿಯೂ ನಿಜವಾದದ್ದೇ. ದಿನವಿಡೀ ದುಡಿದು ಬಂದವರಿಗೆ ಶಾಸನ ಓದಿಸುತ್ತೀರಾ? ಫ್ರಾನ್ಸಿನ ಲಿಯಾನ್ ನಗರ ನೋಡಿ, ಡಿಸೆಂಬರಿನಲ್ಲಿ ನಾಲ್ಕು ರಾತ್ರಿ ಬೆಳಕಿನ ಹಬ್ಬ, ಊರು ತುಂಬ ಜನ. ಅವರು ಬಣ್ಣ, ಸದ್ದು, ದೊಡ್ಡ ದೊಡ್ಡ ಚಿತ್ರ ಎಲ್ಲ ಬಳಸುತ್ತಾರೆ.

ಪುಟ್ಟಕಿಟಕಿ
ಲಿಯಾನ್ ಹಬ್ಬ ಶುರುವಾಗಿದ್ದು ಪ್ರೊಜೆಕ್ಟರಿನಿಂದ ಅಲ್ಲ. 1852ರಲ್ಲಿ ಬೆಟ್ಟದ ಮೇಲೆ ಮೇರಿ ಮಾತೆಯ ಪ್ರತಿಮೆ ಇಡಬೇಕಿತ್ತು. ಸೆಪ್ಟೆಂಬರಿನಲ್ಲಿ ಹೊಳೆ ಉಕ್ಕಿ ಡಿಸೆಂಬರ್ 8ಕ್ಕೆ ಮುಂದೂಡಿದರು. ಆ ದಿನವೂ ಹವಾಮಾನ ಕೆಟ್ಟಿತು. ಸಂಜೆ ಆಕಾಶ ತಿಳಿಯಾದಾಗ ಜನರೇ ತಮ್ಮ ತಮ್ಮ ಕಿಟಕಿಯಲ್ಲಿ ಮೇಣದ ಬತ್ತಿ ಹಚ್ಚಿಟ್ಟರು. ಈಗಲೂ ಆ ರಾತ್ರಿ ಕಿಟಕಿಯಲ್ಲಿ ದೀಪ ಇಡುತ್ತಾರೆ. ಊರಿನ ಎಲ್ಲ ಮನೆಯವರೂ ಕೈಹಾಕಿದ್ದು ಅಂದು.

ಇದನ್ನು ಯಾಕೆ ಹೇಳಿದೆ ಅಂದರೆ, ಹಳೆಗೋಡೆಯವರೇ, ಆ ಸುಣ್ಣದ ಮನೆಗಳಲ್ಲಿ ಜನ ವಾಸ ಇದ್ದಾರಾ? ಅವರನ್ನು ಕೇಳಿದಿರಾ?

ಹಳೆಗೋಡೆ
ಇದ್ದಾರೆ. ಇನ್ನೂ ಕೇಳಿಲ್ಲ. ಕೇಳಬೇಕು ಅಂತ ಪಟ್ಟಿಯಲ್ಲಿತ್ತು, ಆದರೆ ಕೊನೆಯಲ್ಲಿತ್ತು. ಮೇಲಕ್ಕೆ ತರುತ್ತೇನೆ.

ಪುಟ್ಟಕಿಟಕಿ
ದಯವಿಟ್ಟು ತನ್ನಿ. ನಾನು ಅಂಥ ಒಂದು ಮನೆಯಲ್ಲಿ ಬಾಡಿಗೆಗೆ ಇದ್ದೆ. ಮೂರು ವಾರ, ದಿನಾ ರಾತ್ರಿ ಐದು ಆಟ. ಪರದೆ ಎಳೆದರೂ ಕೋಣೆ ತುಂಬ ಕೆಂಪು, ನೀಲಿ. ಮಗು ಆಗ ಎಂಟು ತಿಂಗಳು. ಪ್ರತಿ ಆಟದಲ್ಲೂ ಗುಡುಗಿನ ಸದ್ದಿಗೆ ಎದ್ದು ಅಳುತ್ತಿತ್ತು. ಹೊರಗೆ ಜನ ಚಪ್ಪಾಳೆ ಹೊಡೆಯುತ್ತಿದ್ದರು, ನಾನು ಒಳಗೆ ತೊಟ್ಟಿಲು ತೂಗುತ್ತಿದ್ದೆ. ಒಬ್ಬರೂ ಬಂದು ಒಂದು ಮಾತು ಹೇಳಿರಲಿಲ್ಲ. ಹೇಳಿದ್ದರೆ ಆ ಮೂರು ವಾರ ಅಮ್ಮನ ಮನೆಗೆ ಹೋಗುತ್ತಿದ್ದೆ, ಅಷ್ಟೇ.

ಲಕ್ಸ್‌ಲೆಕ್ಕ
ಇದಕ್ಕೆ ಪರಿಹಾರ ಸುಲಭ, ಆದರೂ ಜಾಸ್ತಿ ಜನ ಮಾಡುವುದಿಲ್ಲ. ಚಿತ್ರ ಕೂರಿಸುವ ಮುಂಚೆ ಗೋಡೆಯನ್ನು ಲೇಸರ್ ಸ್ಕ್ಯಾನ್ ಮಾಡುತ್ತಾರೆ, ಇಲ್ಲ ನೂರಾರು ಫೋಟೋ ತೆಗೆದು ಮಾದರಿ ಕಟ್ಟುತ್ತಾರೆ. ಕಿಟಕಿ ಎಲ್ಲಿ, ಬಾಗಿಲು ಎಲ್ಲಿ ಎಲ್ಲ ಅದರಲ್ಲಿ ಇರುತ್ತದೆ. ಪ್ರತಿ ಕಿಟಕಿಗೂ ಕಪ್ಪು ಮುಸುಕು ಬರೆದರೆ ಮುಗಿಯಿತು. ಗೋಡೆಗೆ ಬೆಳಕು, ಗಾಜಿಗೆ ಇಲ್ಲ.

ಜಾತ್ರೆಬೆಳಕು
ತೊಟ್ಟಿಲ ಮಾತು ಓದಿ ಬೇಜಾರಾಯಿತು ಪುಟ್ಟಕಿಟಕಿಯವರೇ. ನನ್ನ ಮನಸ್ಸಿನಲ್ಲಿದ್ದದ್ದು ಜನ ಇಲ್ಲದ ಕೋಟೆ ಬಾಗಿಲು ಮಾತ್ರ. ಮನೆಸಾಲಿಗೆ ಗುಡುಗು ಸಿಡಿಲು ಬೇಡವೇ ಬೇಡ.

ಹಾಗೇ ನೆನಪಾಯಿತು, ಈ ಧ್ವನಿ ಬೆಳಕಿನ ಪ್ರದರ್ಶನ ಮೊದಲು ಬಂದಿದ್ದು ಈಜಿಪ್ಟಿನ ಪಿರಮಿಡ್ಡಿನಲ್ಲಿ ಅಲ್ವಾ?

ಓದುಗ_62
ಅಲ್ಲ. ಗೀಜಾ ಪಿರಮಿಡ್ಡಿನದು 1961. ಮೊದಲಿನದು 1952ರಲ್ಲಿ ಫ್ರಾನ್ಸಿನ ಶಾಂಬೋರ್ ಅರಮನೆಯಲ್ಲಿ. ಮಾಡಿದವರು ಪೋಲ್ ರೋಬೇರ್ ಊದಾಂ, ಆ ಅರಮನೆಯನ್ನು ನೋಡಿಕೊಳ್ಳುತ್ತಿದ್ದವರು. ಅವರ ಅಜ್ಜ ಹೆಸರಾಂತ ಜಾದೂಗಾರ ಜಾಂ ಯೂಜೆನ್ ರೋಬೇರ್ ಊದಾಂ. ದೆಹಲಿಯ ಕೆಂಪುಕೋಟೆಗೆ 1965ರಲ್ಲಿ ಬಂತು. ಆದರೆ ಅದು ಬೇರೆ ಜಾತಿ. ಅಲ್ಲಿ ಚಿತ್ರ ಇರಲಿಲ್ಲ. ಒಂದೊಂದು ಕಟ್ಟಡಕ್ಕೆ ಒಂದೊಂದು ದೀಪ ಹತ್ತಿ ಆರುತ್ತಿತ್ತು, ಕಥೆ ಕಿವಿಗೆ ಬರುತ್ತಿತ್ತು. ಕುದುರೆ ಬಂದಿದ್ದು ಕಾಣುತ್ತಿರಲಿಲ್ಲ, ಗೊರಸಿನ ಸದ್ದು ಕೇಳುತ್ತಿತ್ತು. ನನಗೆ ಇವತ್ತಿಗೂ ಅದೇ ಇಷ್ಟ.

ಕಲ್ಲುಸಂದು
ಗೋಡೆಯದೇ ಕಥೆ ಅನ್ನುವ ನಿಮ್ಮ ಮಾತಿಗೆ ಎರಡು ಒಳ್ಳೇ ಉದಾಹರಣೆ ಹೇಳಿಬಿಡುತ್ತೇನೆ, ತಂಡದ ಮುಂದೆ ಇಡಿ.

ಫ್ರಾನ್ಸಿನ ಅಮಿಯಾಂ ಕೆಥೆಡ್ರಲ್, 13ನೇ ಶತಮಾನದ ದೊಡ್ಡ ಚರ್ಚು. 1990ರ ದಶಕದಲ್ಲಿ ಪಶ್ಚಿಮದ ಬಾಗಿಲುಗಳನ್ನು ಲೇಸರಿನಿಂದ ತೊಳೆಯುವಾಗ ಕೊಳೆಯ ಕೆಳಗೆ ಹಳೇ ಬಣ್ಣದ ಕಲೆಗಳು ಸಿಕ್ಕವು. ಆ ಬೊಂಬೆಗಳಿಗೆಲ್ಲ ಒಂದು ಕಾಲದಲ್ಲಿ ಬಣ್ಣ ಇತ್ತು! ಮತ್ತೆ ಬಳಿಯುವ ಹಾಗಿಲ್ಲ, ಬಳಿದರೆ ಉಳಿದ ಸಾಕ್ಷಿಯೂ ಹೋಗುತ್ತದೆ. ಹಾಗಾಗಿ ರಾತ್ರಿ ಬೆಳಕಿನಲ್ಲೇ ಬಣ್ಣ ಹಚ್ಚುತ್ತಾರೆ. ಒಬ್ಬ ಸಂತನ ಮೇಲಂಗಿಗೆ ನೀಲಿ, ಅಂಚಿಗೆ ಚಿನ್ನ, ತುಟಿಗೆ ಕೆಂಪು. ಪ್ರತಿ ಬೊಂಬೆಗೂ ಅದರ ಅಳತೆಗೆ ಸರಿಯಾಗಿ. ಸ್ವಿಚ್ ಆರಿಸಿದರೆ ಕಲ್ಲು ಮೊದಲಿನ ಹಾಗೇ.

ಇನ್ನೊಂದು ಸ್ಪೇನಿನ ಕೆಟಲೋನಿಯಾದ ತಾವುಲ್ ಎಂಬ ಹಳ್ಳಿಯ ಸಾಂ ಕ್ಲಿಮೆಂಟ್ ಚರ್ಚು. ಅದರ ಗೋಡೆಚಿತ್ರಗಳನ್ನು ಸುಮಾರು ನೂರು ವರ್ಷದ ಹಿಂದೆ ಬಿಡಿಸಿ ಬಾರ್ಸಿಲೋನಾದ ಸಂಗ್ರಹಾಲಯಕ್ಕೆ ಒಯ್ದರು. ಹಳ್ಳಿಯಲ್ಲಿ ಉಳಿದದ್ದು ಬೋಳು ಗೋಡೆ. 2013ರಿಂದ ಆ ಬೋಳು ಗೋಡೆಯ ಮೇಲೇ ಬೆಳಕಿನಲ್ಲಿ ಚಿತ್ರ ಮೂಡಿಸುತ್ತಾರೆ. ಊರು ಕಳೆದುಕೊಂಡದ್ದು ಅದೇ ಜಾಗಕ್ಕೆ ಸ್ವಲ್ಪ ಹೊತ್ತು ವಾಪಸ್ ಬರುತ್ತದೆ. ಗೋಡೆ ಒಡೆದು ಬೀಳುವ ಚಿತ್ರ ಯಾವ ಊರಿನಲ್ಲಾದರೂ ಹಾಕಬಹುದು. ಇದನ್ನು ಅಲ್ಲಿ ಬಿಟ್ಟು ಬೇರೆಲ್ಲೂ ಹಾಕಲಾಗದು.

ನೆರಳುನಡಿಗೆ
ಅಫ್ಘಾನಿಸ್ತಾನದ ಬಾಮಿಯಾನ್ ನೆನಪಾಯಿತು. 2001ರಲ್ಲಿ ಸ್ಫೋಟಿಸಿ ನಾಶ ಮಾಡಿದ ಬುದ್ಧ, 55 ಮೀಟರ್ ಎತ್ತರದ್ದು. 2015ರಲ್ಲಿ ಚೀನಾದ ದಂಪತಿ ಆ ಖಾಲಿ ಗೂಡಿನಲ್ಲಿ ಬೆಳಕಿನ ಬುದ್ಧನನ್ನು ನಿಲ್ಲಿಸಿದರು. ಅದರ ಚಿತ್ರ ನೋಡಿದಾಗಲೆಲ್ಲ ಗಂಟಲು ಕಟ್ಟುತ್ತದೆ.

ಓದುಗ_62
ನನಗೆ ಅಲ್ಲೇ ಅನುಮಾನ. ಬುದ್ಧ ಇದ್ದ, ಫೋಟೋ ಇವೆ, ಸರಿ. ಆದರೆ ಎಷ್ಟೋ ಊರುಗಳಲ್ಲಿ "ಹೀಗಿತ್ತು" ಅಂತ ತೋರಿಸುವುದು ಡಿಸೈನರನ ಊಹೆ. ಇಲ್ಲದ ಶಿಖರ, ಇಲ್ಲದ ಬಣ್ಣ. ಬೆಳಕಿನಲ್ಲಿ ನೋಡಿದವರು ಅದನ್ನೇ ಇತಿಹಾಸ ಅಂದುಕೊಂಡು ಮನೆಗೆ ಹೋಗುತ್ತಾರೆ. ಪುಸ್ತಕದಲ್ಲಿ ಆದರೆ ಕೆಳಗೆ ಒಂದು ಟಿಪ್ಪಣಿ ಹಾಕಬಹುದು. ಗೋಡೆ ಮೇಲೆ ಎಲ್ಲಿ ಹಾಕುತ್ತೀರಿ?

ಜಾತ್ರೆಬೆಳಕು
ಇದು ಸ್ವಲ್ಪ ಅತಿಯಾಯಿತು. ಜನ ದಡ್ಡರಲ್ಲ. ಬೆಳಕಿನ ಆಟ ಅಂತ ಅವರಿಗೂ ಗೊತ್ತು.

ಓದುಗ_62
ದಡ್ಡರು ಅಂತ ನಾನು ಹೇಳಲಿಲ್ಲ. ಚೆನ್ನಾಗಿ ಕಂಡದ್ದು ಮನಸ್ಸಿನಲ್ಲಿ ನಿಲ್ಲುತ್ತದೆ ಅಂದೆ. ನನಗೂ ನಿಲ್ಲುತ್ತದೆ.

ಕಲ್ಲುಸಂದು
ಇಬ್ಬರಿಗೂ ಉತ್ತರ ಒಂದು ಕಡೆ ಇದೆ. ಹಾರ್ವರ್ಡಿನಲ್ಲಿ ಮಾರ್ಕ್ ರಾತ್ಕೋ 1960ರ ದಶಕದಲ್ಲಿ ಬರೆದ ದೊಡ್ಡ ಚಿತ್ರಗಳು ಬಿಸಿಲಿಗೆ ಮಾಸಿ ಹೋಗಿದ್ದವು. 2014ರಲ್ಲಿ ಅವುಗಳ ಮೇಲೆ ಪ್ರೊಜೆಕ್ಟರಿನಿಂದ, ಕಳೆದುಹೋದ ಬಣ್ಣವನ್ನಷ್ಟೇ ಲೆಕ್ಕ ಹಾಕಿ ಬಿಟ್ಟರು. ದಿನಾ ಸಂಜೆ 4 ಗಂಟೆಗೆ ಪ್ರೊಜೆಕ್ಟರ್ ಆರಿಸುತ್ತಿದ್ದರು. ಆರಿಸುವುದನ್ನು ನೋಡಲೆಂದೇ ಜನ ಬರುತ್ತಿದ್ದರು. ನೀವೂ ಹಾಗೇ ಮಾಡಿ. ಪ್ರತಿ ಆಟದ ಕೊನೆಗೆ ಬಣ್ಣ ತೆಗೆದು, ಒಂದು ನಿಮಿಷ ಬರಿ ಬಿಳಿ ಬೆಳಕಿನಲ್ಲಿ ಈಗಿನ ಗೋಡೆ ತೋರಿಸಿ. ಗಾಯ, ಪಾಚಿ, ದುರಸ್ತಿ ಎಲ್ಲ ಕಾಣಲಿ. ನಿಮ್ಮ ಟಿಪ್ಪಣಿ ಅದೇ.

ಓದುಗ_62
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ.

ರೆಕ್ಕೆಸದ್ದು
ಗೋಪುರದಲ್ಲಿ ಬಾವಲಿ ಇವೆಯಾ? ಯಾರೂ ಕೇಳಲಿಲ್ಲ ಅಂತ ಕೇಳುತ್ತಿದ್ದೇನೆ. ಸ್ವೀಡನ್ನಿನಲ್ಲಿ ಅರವತ್ತು ಚಿಲ್ಲರೆ ಚರ್ಚುಗಳನ್ನು 1980ರ ದಶಕದಲ್ಲಿ ಒಮ್ಮೆ, 2016ರಲ್ಲಿ ಇನ್ನೊಮ್ಮೆ ನೋಡಿದರು. ಕತ್ತಲಲ್ಲೇ ಬಿಟ್ಟ ಚರ್ಚುಗಳಲ್ಲಿ ಉದ್ದಕಿವಿ ಬಾವಲಿಗಳು ಉಳಿದಿದ್ದವು. ಸುತ್ತ ದೀಪ ಹಾಕಿದ ಕಡೆ ಬಿಟ್ಟು ಹೋಗಿದ್ದವು. ಅವು ಹೊರಗೆ ಬರುವ ಸಂದಿಗೆ ಬೆಳಕು ಬಿದ್ದರೆ ಬರಲು ಹೆದರುತ್ತವೆ. ತಡವಾಗಿ ಬಂದರೆ ಹುಳ ಹೆಚ್ಚಾಗಿ ಹಾರುವ ಹೊತ್ತು ತಪ್ಪುತ್ತದೆ, ಮರಿಗಳಿಗೆ ಹಾಲು ಸಾಲುವುದಿಲ್ಲ.

ಮೂಲೆದೀಪ
ಅದು ರಾತ್ರಿಯಿಡೀ ಉರಿಯುವ ದೀಪದ ಮಾತು. ಇವರದು ಹತ್ತು ನಿಮಿಷದ ಆಟ.

ರೆಕ್ಕೆಸದ್ದು
ಆ ಹತ್ತು ನಿಮಿಷ ಯಾವಾಗ ಅನ್ನುವುದು ಪ್ರಶ್ನೆ. ಕತ್ತಲಾದ ಕೂಡಲೇ ಅಂದರೆ ಅದೇ ಅವು ಹೊರಡುವ ಹೊತ್ತು. ಒಂದು ಗಂಟೆ ತಡವಾಗಿ ಶುರು ಮಾಡಿ, ಗೋಪುರದ ಒಂದು ಮಗ್ಗುಲು ಪೂರ್ತಿ ಕತ್ತಲು ಬಿಡಿ. ಮರಿ ಹಾಕುವ ಕಾಲದಲ್ಲಿ ಗೋಪುರ ಮುಟ್ಟಲೇಬೇಡಿ. ಮುಗಿಸುವುದಕ್ಕೂ ಒಂದು ಹೊತ್ತು ಬರೆದಿಡಿ. ಫ್ರಾನ್ಸಿನಲ್ಲಿ ಪಾರಂಪರಿಕ ಕಟ್ಟಡಗಳ ಅಲಂಕಾರದ ದೀಪ ರಾತ್ರಿ 1 ಗಂಟೆಯೊಳಗೆ ಆರಬೇಕು ಅಂತ ನಿಯಮವೇ ಇದೆ. ನನ್ನ ಕೇಳಿದರೆ ಅದೂ ತಡ.

ಕೇಬಲ್‌ಸುರುಳಿ
ಗಾಳಿಯ ಬಗ್ಗೆ ಒಂದು ಮಾತು. ಒಮ್ಮೆ ನಾವು ಪೈಪಿನ ಟವರ್ ಕಟ್ಟಿ ಅದರ ಮೇಲೆ ಯಂತ್ರ ಇಟ್ಟೆವು. ಮಧ್ಯಾಹ್ನದಿಂದ ಕೂತು ಪ್ರತಿ ಕಂಬಕ್ಕೂ ಚಿತ್ರ ಕೂರಿಸಿದ್ದೆವು. ರಾತ್ರಿ ಗಾಳಿ ಎದ್ದಿತು. ಟವರ್ ಅಲುಗಿದ್ದು ಕಣ್ಣಿಗೂ ಕಾಣದಷ್ಟು. ಆದರೆ ನಲವತ್ತು ಮೀಟರ್ ದೂರದ ಗೋಡೆಯ ಮೇಲೆ ಗೆರೆಗಳೆಲ್ಲ ಒಂದು ಗೇಣು ಅತ್ತಿತ್ತ. ಕಂಬದ ಚಿತ್ರ ಕಂಬದ ಪಕ್ಕದಲ್ಲಿ. ಟವರ್ ಬಾಡಿಗೆಗೆ ಕೊಟ್ಟವರು ತಳಕ್ಕೆ ಭಾರ ಹೇರಿರಲಿಲ್ಲ, ನಾವೂ ನೋಡಿರಲಿಲ್ಲ. ಆಮೇಲಿಂದ ಎದುರಿನ ಕಟ್ಟಡದ ಗಟ್ಟಿ ಮಹಡಿ ಸಿಗುತ್ತದಾ ಅಂತ ಮೊದಲು ಹುಡುಕುತ್ತೇನೆ.

ಮಳೆಯೂ ಹಾಗೇ. ಯಂತ್ರಕ್ಕೆ ಗೂಡು ಮಾಡಿ ಉಳಿಸಬಹುದು. ಆದರೆ ನೆನೆದ ಕಲ್ಲು ಇನ್ನೂ ಕಪ್ಪಾಗುತ್ತದೆ, ಹನಿಗಳು ಬೆಳಕನ್ನು ದಾರಿಯಲ್ಲೇ ಹಿಡಿಯುತ್ತವೆ.

ಫೋಟೋಪ್ರಿಯ
ವಿಷಯಾಂತರಕ್ಕೆ ಕ್ಷಮಿಸಿ. ಇಂಥ ಶೋಗಳಲ್ಲಿ ಮೊಬೈಲಿನಲ್ಲಿ ಫೋಟೋ ತೆಗೆದರೆ ಚಿತ್ರಕ್ಕೆ ಅಡ್ಡ ಬಣ್ಣದ ಪಟ್ಟೆ ಬರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಯಾಕೆ?

ಲಕ್ಸ್‌ಲೆಕ್ಕ
ಚಿತ್ರ ಮೂಡಿಸುವ ಚಿಪ್ ಒಂದೇ ಇರುವ ಪ್ರೊಜೆಕ್ಟರ್ ಕೆಂಪು, ಹಸಿರು, ನೀಲಿಯನ್ನು ಒಂದಾದ ಮೇಲೊಂದು ಬಿಡುತ್ತದೆ. ಕಣ್ಣು ಮೂರನ್ನೂ ಕೂಡಿಸಿಕೊಳ್ಳುತ್ತದೆ, ಕ್ಯಾಮೆರಾ ಕೂಡಿಸುವುದಿಲ್ಲ. ಶಟರ್ 1/30 ಸೆಕೆಂಡಿಗೆ ಇಳಿಸಿ, ಮೊಬೈಲನ್ನು ಗೋಡೆಗೋ ಕಂಬಕ್ಕೋ ಆನಿಸಿಡಿ. ಮೂರು ಚಿಪ್ಪಿನ ಯಂತ್ರದಲ್ಲಿ ಈ ತೊಂದರೆ ಇಲ್ಲ.

ಫೋಟೋಪ್ರಿಯ
ಆನಿಸುವಾಗ ಕೆತ್ತನೆ ಇಲ್ಲದ ಕಂಬ ನೋಡಿಕೊಳ್ಳುತ್ತೇನೆ, ಕಲ್ಲುಸಂದು ಮೇಡಂ ಇದ್ದಾರೆ.

ನೆರಳುನಡಿಗೆ
ಒಂದು ಕಡೆ ದೊಡ್ಡದಾ, ಊರು ತುಂಬ ಸಣ್ಣದಾ ಅನ್ನುವುದಕ್ಕೆ ಯಾರೂ ಹೇಳಲಿಲ್ಲ. ಸಣ್ಣದು, ಚದುರಿದ್ದು. ಫ್ರಾನ್ಸಿನ ಶಾರ್ತ್ರ್ ಊರು 2003ರಿಂದ ಹೀಗೆ ಮಾಡುತ್ತಿದೆ. ಕೆಥೆಡ್ರಲ್ ಒಂದೇ ಅಲ್ಲ. ಸೇತುವೆ, ಹೊಳೆದಂಡೆಯ ಹಳೇ ಬಟ್ಟೆ ಒಗೆಯುವ ಕಟ್ಟೆಗಳು, ಸಣ್ಣ ಚರ್ಚುಗಳು, ಹೀಗೆ ಇಪ್ಪತ್ತಕ್ಕೂ ಹೆಚ್ಚು ಜಾಗ. ತಿಂಗಳುಗಟ್ಟಲೆ ನಡೆಯುತ್ತದೆ. ಟಿಕೆಟ್ ಇಲ್ಲ. ಜನ ಒಂದರಿಂದ ಇನ್ನೊಂದಕ್ಕೆ ನಡೆದು ಹೋಗುತ್ತಾರೆ.

ನಡುವಿನ ಆ ಕತ್ತಲ ನಡಿಗೆಯೇ ಊರು ತೋರಿಸುತ್ತದೆ. ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಒಗ್ಗಿದ ಕಣ್ಣಿಗೆ ಸಣ್ಣ ಬೆಳಕೂ ದೊಡ್ಡದು. ಪ್ರತಿ ಜಾಗಕ್ಕೂ ವಿಡಿಯೋ ಪ್ರೊಜೆಕ್ಟರ್ ಬೇಕಿಲ್ಲ. ಲೋಹದ ತಗಡಿನಲ್ಲೋ ಗಾಜಿನಲ್ಲೋ ಚಿತ್ರ ಕೊರೆದು ದೀಪದ ಮುಂದೆ ಇಡುವ ಗೋಬೋ ಸಾಕು. ಅಲುಗುವುದಿಲ್ಲ, ಸದ್ದಿಲ್ಲ, ಕರೆಂಟು ಕಡಿಮೆ. ಬಾಗಿಲ ಮೇಲೆ ಒಂದು ಹಳೇ ನಕ್ಷೆ, ಅಷ್ಟೇ ಇರಲಿ.

ಮೂಲೆದೀಪ
ಕತ್ತಲ ನಡಿಗೆಗೆ ನಾನೇ ಒಂದು ತಿದ್ದುಪಡಿ ಹೇಳಬೇಕು. ಬೀದಿದೀಪ ಆರಿಸಿ ಅಂದೆ, ಎಲ್ಲವನ್ನೂ ಅಲ್ಲ. ಹಳೇ ಊರಿನ ಮೆಟ್ಟಿಲು ಒಂದರ ಹಾಗೆ ಒಂದು ಇರುವುದಿಲ್ಲ. ವಯಸ್ಸಾದವರು ಬೀಳುತ್ತಾರೆ. ಗೋಡೆ ಕಡೆಯ ದೀಪ ಆರಿಸಿ, ಮೆಟ್ಟಿಲಿಗೆ ಮೊಣಕಾಲೆತ್ತರದಲ್ಲಿ ಮರೆ ಇರುವ ಸಣ್ಣ ದೀಪ ಇಡಿ, ನೆಲಕ್ಕೆ ಮಾತ್ರ ಬೀಳುವ ಹಾಗೆ. ಆಂಬುಲೆನ್ಸಿಗೆ ಒಂದು ದಾರಿ ಯಾವಾಗಲೂ ಖಾಲಿ ಇರಲಿ.

ಹಳೆಗೋಡೆ
ಎಲ್ಲರಿಗೂ ತುಂಬ ಧನ್ಯವಾದ. ತಂಡದ ಜೊತೆ ಕೂತೆ, ಇಡೀ ಚರ್ಚೆ ಓದಿ ಹೇಳಿದೆ. ತೊಟ್ಟಿಲ ಮಾತಿಗೆ ಎಲ್ಲರೂ ಸುಮ್ಮನಾದರು. ದೊಡ್ಡ ಶೋ ಬೇಕು ಅಂದವರಲ್ಲಿ ಒಬ್ಬರು, ಸುಣ್ಣದ ಮನೆಗಳವರ ಹತ್ತಿರ ಹಳೇ ಫೋಟೋ ಇದ್ದರೆ ಅವರವರ ಗೋಡೆ ಮೇಲೇ ಬಿಡೋಣ, ಅವರು ಒಪ್ಪಿದರೆ ಮಾತ್ರ ಅಂದರು. ನನಗೆ ಇದು ಹೊಳೆದಿರಲಿಲ್ಲ. ಕೋಟೆ ಬಾಗಿಲಿಗೆ ಗೋಬೋ. ಗೋಪುರ ಕತ್ತಲಲ್ಲೇ ಇರುತ್ತದೆ.

ಮುಂದಿನ ವಾರ ಒಂದು ರಾತ್ರಿ ಬೀದಿದೀಪ ಆರಿಸಲು ಅನುಮತಿ ಕೇಳಿದ್ದೇವೆ. ಪ್ರೊಜೆಕ್ಟರ್ ಇಲ್ಲದೆ ಸುಮ್ನೆ ಚೌಕದಲ್ಲಿ ನಿಂತು ನೋಡುತ್ತೇವೆ. ಲಕ್ಸ್ ಮೀಟರ್ ಮತ್ತು ಅಳತೆ ಟೇಪು ತೆಗೆದುಕೊಂಡು ಹೋಗುತ್ತೇನೆ. ಇನ್ನೇನು ಬೇಕು?

ರೆಕ್ಕೆಸದ್ದು
ಸೂರ್ಯ ಮುಳುಗುವ ಮೊದಲೇ ಹೋಗಿ. ಗೋಪುರದ ನಾಲ್ಕೂ ಮಗ್ಗುಲಿಗೆ ಒಬ್ಬೊಬ್ಬರು ಆಕಾಶಕ್ಕೆ ಮುಖ ಮಾಡಿ ನಿಂತುಕೊಳ್ಳಿ. ಯಾವ ಸಂದಿಯಿಂದ ಬಾವಲಿ ಹೊರಬಂತು, ಎಷ್ಟು ಗಂಟೆಗೆ ಬಂತು ಅಂತ ಬರೆದುಕೊಳ್ಳಿ.

ಕೇಬಲ್‌ಸುರುಳಿ
ಹೆಜ್ಜೆ ಲೆಕ್ಕ ಬೇಡ, ಟೇಪಿನಲ್ಲೇ ಅಳೆಯಿರಿ. 25 ಅಂದದ್ದು 19 ಇದ್ದರೆ ಲೆನ್ಸೇ ಬೇರೆ ಆಗುತ್ತದೆ.

ಪುಟ್ಟಕಿಟಕಿ
ಆ ಮನೆಗಳವರನ್ನೂ ಹೊರಗೆ ಕರೆಯಿರಿ. ತಮ್ಮ ಬೀದಿಯನ್ನು ಪೂರ್ತಿ ಕತ್ತಲಲ್ಲಿ ಅವರೂ ಎಷ್ಟೋ ವರ್ಷದಿಂದ ನೋಡಿರಲಿಕ್ಕಿಲ್ಲ.